ರಿಪೋರ್ಟು ಹೊತ್ತಿಗೆ ಸರಿಯಾಗಿ ಕೈಸೇರಲಿ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,



ಮಲೆನಾಡಿನಲ್ಲಿ ಅಡಕೆ ಕೊಯ್ಲು ನಡೆಯುವ, ಕಾಡಿನಿಂದ ದರಗು ಗುಡಿಸಿ ತರುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಹೌದು. ನವೆಂಬರ್ ಕಳೆದು ಮೇ ಮುಗಿಯುವವರೆಗೆ ಕಾಡಂಚಿನ ಮನೆಗಳಲ್ಲಿ ಯಾರಿಗೆ ಜ್ವರ ಬಂದರೂ ಎಲ್ಲರ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಇದು ಮಂಗನ ಕಾಯಿಲೆಯೇ? ಅದಕ್ಕೆ ಉತ್ತರ ಸಿಗುವುದು ಪ್ರಯೋಗಾಲಯದಲ್ಲಿ. ಏಕಾಏಕಿ ಏರುವ ಜ್ವರ, ತಲೆನೋವು, ಮೈಕೈ ನೋವು ಡೆಂಗಿಯಲ್ಲೂ ಇರುತ್ತವೆ, ಇಲಿ ಜ್ವರದಲ್ಲೂ ಇರುತ್ತವೆ. ರೋಗಿಯನ್ನು ನೋಡಿದ ಮಾತ್ರಕ್ಕೆ ಎಷ್ಟೇ ನುರಿತ ವೈದ್ಯರೂ ಇಂಥದ್ದೇ ಎಂದು ಖಚಿತವಾಗಿ ಹೇಳಲಾರರು.

ಈ ಕಾಯಿಲೆ ಬೆಳಕಿಗೆ ಬಂದದ್ದೂ ಪ್ರಯೋಗಾಲಯದಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಸ್ಸನ್ನು ಬೇರ್ಪಡಿಸಿ, ಇದು ಬೇರೆಯದೇ ಕಾಯಿಲೆ, ಉಣುಗಿನಿಂದ ಹರಡುವಂಥದ್ದು ಎಂದು ತೋರಿಸಿಕೊಟ್ಟರು. ಅಂದಿನಿಂದ ಕಾಯಿಲೆ ಸೊರಬದ ಗಡಿ ದಾಟಿ ಬಂಡೀಪುರ, ವಯನಾಡು, ಗೋವಾದ ಸತ್ತರಿಯವರೆಗೂ ಹೋಗಿದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವಿನ ಸುದ್ದಿ ಒಂದರ ಹಿಂದೊಂದು ಬಂದದ್ದನ್ನು ನಮ್ಮ ಸೀಮೆ ಇನ್ನೂ ಮರೆತಿಲ್ಲ.

ಸಚಿವರೇ, ಈ ಕಾಯಿಲೆಯ ಪರೀಕ್ಷೆಯಲ್ಲಿ ಯಂತ್ರದಷ್ಟೇ ಮುಖ್ಯವಾದದ್ದು ಸಮಯ. ಜ್ವರದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲಿರುತ್ತದೆ; ಆಗ ಆರ್‌ಟಿ-ಪಿಸಿಆರ್ ಅದನ್ನು ಹಿಡಿಯುತ್ತದೆ. ದಿನ ಕಳೆದಂತೆ ವೈರಸ್ ಕಡಿಮೆಯಾಗಿ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಆಗ ಬೇಕಾದದ್ದು ಐಜಿಎಂ ಎಲೈಸಾ. ತಡವಾಗಿ ತೆಗೆದ ರಕ್ತಕ್ಕೆ ಪಿಸಿಆರ್ ಒಂದನ್ನೇ ಮಾಡಿ ‘ನೆಗೆಟಿವ್’ ಎಂದರೆ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ಮಾದರಿಯನ್ನು ದಾರಿಯುದ್ದಕ್ಕೂ ತಣ್ಣಗೆ ಕಾಪಾಡಬೇಕು. ಐಸ್ ಪ್ಯಾಕ್ ಕರಗಿ ಕೆಟ್ಟ ರಕ್ತದಿಂದ ಎಂಥ ಒಳ್ಳೆಯ ಪ್ರಯೋಗಾಲಯವೂ ಸತ್ಯ ಹೊರಡಿಸಲಾರದು.

ಇದಕ್ಕೆಂದೇ ಇರುವ ನಿರ್ದಿಷ್ಟ ಔಷಧಿ ಇಲ್ಲ. ಹಳೆಯ ಲಸಿಕೆ ಕೊಡುವುದು 2022ರಲ್ಲಿ ನಿಂತಿತು. ಉಳಿದಿರುವುದು ಬೇಗ ಗುರುತಿಸುವುದು, ರಕ್ತಸ್ರಾವ, ನಿರ್ಜಲೀಕರಣಗಳ ಮೇಲೆ ಕಣ್ಣಿಟ್ಟು ಆರೈಕೆ ಮಾಡುವುದು. ಒಬ್ಬರ ರಿಪೋರ್ಟು ಪಾಸಿಟಿವ್ ಬಂದರೆ ಆ ಊರಿನ ಉಳಿದವರೆಲ್ಲ ಕಾಡಿಗೆ ಹೋಗುವ ಮುನ್ನ ಎಚ್ಚರವಾಗುತ್ತಾರೆ, ಉಣುಗು ಹತ್ತದಂತೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ತಡವಾಗಿ ಬಂದ ರಿಪೋರ್ಟಿನಿಂದ ಇದ್ಯಾವುದೂ ಆಗದು. ಆದ್ದರಿಂದ ಯಂತ್ರದಿಂದ ಫಲಿತಾಂಶ ಹೊರಬಂದ ಕೂಡಲೇ ಪರೀಕ್ಷೆ ಮುಗಿಯಿತು ಎನ್ನಬೇಡಿ. ವೈದ್ಯರ ಮತ್ತು ರೋಗಿಯ ಕೈಗೆ ಅದು ತಲುಪಿದಾಗ ಮಾತ್ರ ಮುಗಿಯಿತು ಎನ್ನಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಕಾಯಿಲೆಯ ಕಾಲದಲ್ಲಿ ಕಾಡಂಚಿನ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ, ಭಾನುವಾರವೂ ಸೇರಿ, ದಿನವೂ ಒಂದು ವಾಹನ ಮಾದರಿಗಳನ್ನು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಒಯ್ಯಲಿ. ಜ್ವರ ಶುರುವಾದ ದಿನವನ್ನು ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಲಿ. ಯಾವ ಪರೀಕ್ಷೆ ಎಂಬುದನ್ನು ಆ ದಿನಾಂಕವೇ ನಿರ್ಧರಿಸಲಿ. ಮಂಗನ ಕಾಯಿಲೆ ಅಲ್ಲವೆಂದಾದರೆ ಅದೇ ರಕ್ತದಲ್ಲಿ ಡೆಂಗಿ, ಇಲಿ ಜ್ವರಗಳನ್ನೂ ನೋಡಲಿ. ‘ಅದಲ್ಲ’ ಎಂಬ ಉತ್ತರ ಹಾಸಿಗೆ ಹಿಡಿದವರಿಗೆ ಸಾಲದು. ಫಲಿತಾಂಶ ವೈದ್ಯರಿಗೆ ತಲುಪಿದ ದಿನವೇ ಮನೆಯವರಿಗೂ ಕನ್ನಡದಲ್ಲಿ ತಿಳಿಯಲಿ, ಫೋನ್ ಸಿಗ್ನಲ್ ಇಲ್ಲದ ಊರಿಗೆ ಆಶಾ ಕಾರ್ಯಕರ್ತೆಯರ ಮೂಲಕ. ರಕ್ತ ತೆಗೆದ ಹೊತ್ತಿನಿಂದ ರಿಪೋರ್ಟು ಕೊಟ್ಟ ಹೊತ್ತಿನವರೆಗೆ ಎಷ್ಟು ಸಮಯ ಹಿಡಿಯಿತೆಂಬ ಲೆಕ್ಕವನ್ನು ಇಲಾಖೆ ತಿಂಗಳಿಗೊಮ್ಮೆ ಜನರ ಮುಂದಿಡಲಿ.

ಇವೆಲ್ಲ ಆಗಬೇಕಾದರೆ ಟೆಕ್ನೀಷಿಯನ್‌ಗಳ ಹುದ್ದೆ ಖಾಲಿ ಇರಬಾರದು, ಕಿಟ್‌ಗಳು ಋತುವಿಗೆ ಮೊದಲೇ ದಾಸ್ತಾನಿರಬೇಕು. ಕಾಯಿಲೆ ಬರುವ ತಿಂಗಳು ನಮಗೆ ಗೊತ್ತು, ನಿಮಗೂ ಗೊತ್ತು. ಅಕ್ಟೋಬರ್ ಮುಗಿಯುವುದರೊಳಗೆ ಈ ಸಿದ್ಧತೆಗೆ ಆದೇಶ ಹೊರಡಿಸಬೇಕೆಂದು ಮಲೆನಾಡಿನ ಜನರ ಪರವಾಗಿ ಕೇಳಿಕೊಳ್ಳುತ್ತೇನೆ.

ಇತಿ,
ಸಾಗರ ತಾಲ್ಲೂಕಿನ ಒಬ್ಬ ಕೃಷಿಕ