ಕೋಡ್ ಮುಟ್ಟೋ ಮುಂಚೆ ಟಿಪ್ಪಣಿ ಓದಿ

"ಡಾಕ್ಯುಮೆಂಟೇಶನ್ ಯಾರು ಓದ್ತಾರೆ ಗುರು?" ಅಂತ ನಾನೂ ಕೇಳ್ತಿದ್ದೆ. ದಸರಾ ರಜೆಯಲ್ಲಿ ವೇಮಗಲ್‌ನ ನಮ್ಮನೇಲಿ ಕೂತು ಸೀನಿಯರ್ ಒಬ್ಬರ ಪೈಥಾನ್ ಪ್ರೋಗ್ರಾಂ ರಿಪೇರಿಗೆ ಕೈಹಾಕಿದ ಮೇಲೆ ಕೇಳೋದು ಬಿಟ್ಟೆ.

ಹಳಗನ್ನಡ ಪಠ್ಯದಲ್ಲಿ ಪದ ಹುಡುಕುವ ಪ್ರೋಗ್ರಾಂ ಅದು. ಹಳಗನ್ನಡದಲ್ಲಿ 'ೞ' ಅನ್ನೋ ಅಕ್ಷರ ಇತ್ತಲ್ಲ, ಈಗಿನ 'ಏಳು' ಆಗ 'ಏೞು'. ೞ ಸಿಕ್ಕ ಕಡೆಯೆಲ್ಲ ಳ ಮಾಡುವ ಒಂದು ಸಾಲು ಕೋಡ್‌ನಲ್ಲಿತ್ತು. ಯಾಕೆ ಅಂತ ಬರೆದಿರಲಿಲ್ಲ. ಪೈಥಾನ್‌ಗೆ ಆ ಅಕ್ಷರದ ಯೂನಿಕೋಡ್ ಹೆಸರು ಕೇಳಿದೆ. 'ಕನ್ನಡ ಲೆಟರ್ ಎಫ್‌ಎ' ಅಂತು! ಸೀನಿಯರ್ ಎಡವಿದ್ದಾರೆ ಅಂದ್ಕೊಂಡು ಳ ತೆಗೆದು ಫ ಹಾಕಿದೆ. 'ಏೞು' ಹೋಗಿ 'ಏಫು' ಆಯ್ತು. ಅರ್ಧ ದಿನ ತಲೆ ಕೆರೆದುಕೊಂಡೆ.

ತಪ್ಪು ಯೂನಿಕೋಡ್ ಇಟ್ಟ ಹೆಸರಿನಲ್ಲೇ ಇತ್ತು. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಅನ್ನೋದು ಅವರ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿದ ಹಳೇ ಸಾಫ್ಟ್‌ವೇರ್ ಕೆಡುತ್ತದೆ. ಅದಕ್ಕೇ ಅಕ್ಷರಗಳ ಪಟ್ಟಿಯಲ್ಲಿ, ೞ ಪಕ್ಕದಲ್ಲೇ, ಈ ಹೆಸರು ತಪ್ಪು, 'ಎಲ್‌ಎಲ್‌ಎಲ್‌ಎ' ಆಗಬೇಕಿತ್ತು ಅಂತ ಟಿಪ್ಪಣಿ ಹಾಕಿದ್ದಾರೆ. ಓದಿದ್ದರೆ ನನ್ನ ಅರ್ಧ ದಿನ ಉಳೀತಿತ್ತು.

"ಡಾಕ್ಯುಮೆಂಟ್ ಹಳಸಿರುತ್ತೆ, ಕೋಡೇ ಸತ್ಯ" ಅಂತೀರಿ. ಅರ್ಧ ಒಪ್ತೀನಿ. ಲೆತ್‌ಬ್ರಿಜ್, ಸಿಂಗರ್, ಫಾರ್ವರ್ಡ್ ಎಂಬ ಸಂಶೋಧಕರು ಇದನ್ನೇ ಅಧ್ಯಯನ ಮಾಡಿ 2003ರಲ್ಲಿ ಐಈಈಈ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ಬರೆದರು: ದಾಖಲೆಗಳು ಬಹಳ ಸಲ ಹಳತಾಗಿರುತ್ತವೆ ನಿಜ, ಆದರೂ ಹಳತಾದವೂ ಉಪಯೋಗಕ್ಕೆ ಬರುತ್ತವೆ. ಕೋಡ್ ಏನು ಮಾಡುತ್ತೆ ಅನ್ನೋದನ್ನ ಕೋಡೇ ಹೇಳುತ್ತೆ. ಯಾಕೆ ಹಾಗೆ ಮಾಡುತ್ತೆ ಅನ್ನೋದನ್ನ ಬರೆದವರೇ ಹೇಳಬೇಕು.

ನಾವೋ, ಪ್ರಾಜೆಕ್ಟ್ ರಿಪೋರ್ಟ್‌ಗೆ ಪುಟಗಟ್ಟಲೆ ತುಂಬಿಸಿ ಬೈಂಡ್ ಮಾಡಿಸ್ತೀವಿ. ಸಬ್‌ಮಿಷನ್ ಮುಗಿದ ಮೇಲೆ ಅದನ್ನ ತೆರೆಯೋರಿಲ್ಲ. ಮುಂದಿನ ವರ್ಷ ಅದೇ ಕೋಡ್ ಹಿಡಿಯೋ ಜೂನಿಯರ್‌ಗೆ ಬೇಕಾಗಿರೋದು ವಿಚಿತ್ರವಾಗಿ ಕಾಣೋ ಸಾಲಿನ ಮೇಲೆ ಒಂದೇ ಒಂದು ಕಾಮೆಂಟ್. ಕೋಡ್ ಬದಲಾದ ದಿನವೇ, ಅದೇ ಕಮಿಟ್‌ನಲ್ಲಿ, ಕಾಮೆಂಟ್ ಕೂಡ ಬದಲಾದರೆ ಹಳಸೋ ಮಾತೂ ಕಡಿಮೆ.

ಸೀನಿಯರ್ ಬರೆದ ಸಾಲನ್ನ ವಾಪಸ್ ಹಾಕಿದ್ದೀನಿ. ಮೇಲೆ ನನ್ನದೊಂದು ಕಾಮೆಂಟ್ ಸೇರಿಸಿದ್ದೀನಿ: "ಹೆಸರು ನೋಡಿ ಮೋಸ ಹೋಗಬೇಡಿ, ಇದು ಫ ಅಲ್ಲ. ನಾನು ಹೋಗಿದ್ದೆ."