ಪ್ರವಚನವೋ, ದೈವವಾಣಿಯೋ?

ಗೋದಾವರಿ ತೀರದ ನಾಸಿಕ ಮತ್ತು ತ್ರ್ಯಂಬಕೇಶ್ವರಗಳಲ್ಲಿ 2015ರ ನಂತರದ ಸಿಂಹಸ್ಥ ಕುಂಭಮೇಳದ ಅಮೃತಸ್ನಾನಗಳಿಗೆ 2027ರ ಮುಹೂರ್ತ ನಿಗದಿಯಾಗಿದೆ. ಇಂತಹ ಪರ್ವಕ್ಕೆ ಬರುವವರು ನದಿಯಲ್ಲಿ ಮಿಂದು ಹೋಗುವವರಷ್ಟೇ ಅಲ್ಲ; ಪ್ರವಚನ ಕೇಳಲು ಕುಳಿತುಕೊಳ್ಳುವವರೂ ಅಸಂಖ್ಯರು. ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ಆಲಿಸುವವರ ಲೆಕ್ಕ ಬೇರೆ. ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪೀಠದಿಂದ ಗುರುಗಳಾಡುವ ಮಾತನ್ನು ಭಕ್ತರು ವ್ಯಾಖ್ಯಾನವೆಂದು ಸ್ವೀಕರಿಸುತ್ತಾರೆಯೋ, ದೇವರೇ ನುಡಿದದ್ದೆಂದು ನಂಬುತ್ತಾರೆಯೋ?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಬ್ಯಾಂಕಿನ ಕೌಂಟರಿನಲ್ಲಿ. ಕೆಲವು ವರ್ಷಗಳ ಹಿಂದೆ ಪರಿಚಿತ ಹಿರಿಯರೊಬ್ಬರು ಮಗಳ ಮದುವೆಗೆಂದು ಇರಿಸಿದ್ದ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿ, ದಾನ ಮಾಡಲು ಬಂದಿದ್ದರು. ಬಡ್ಡಿ ನಷ್ಟವಾಗುವುದೆಂದು ತಿಳಿಸಿದೆ. "ಕೂಡಿಟ್ಟದ್ದು ಕೊಳೆಯುತ್ತದೆ ಎಂದು ಗುರುಗಳು ನಿನ್ನೆ ಹೇಳಿದರು. ಅದು ನನಗೇ ಹೇಳಿದ್ದು" ಎಂದರು. ಗುರುಗಳು ಅವರಿಂದ ಏನನ್ನೂ ಕೇಳಿರಲಿಲ್ಲ. ಸಾವಿರ ಜನರಿಗೆ ಆಡಿದ ಸಾಮಾನ್ಯ ಮಾತು ಒಬ್ಬರ ಕಿವಿಯಲ್ಲಿ ದೈವಾಜ್ಞೆಯಾಗಿತ್ತು. ನಾನು ಅರ್ಜಿಗೆ ಸಹಿ ಹಾಕಿಸಿಕೊಂಡೆ.

ಆದರೆ ನಮ್ಮ ನೆರೆಯ ಪರಂಪರೆಗಳು ಈ ವಿಷಯದಲ್ಲಿ ಇಷ್ಟು ಅಮಾಯಕವಾಗಿರಲಿಲ್ಲ. ನಾಸಿಕದಿಂದ ಗೋದಾವರಿಯ ಜೊತೆಗೇ ಕೆಳಗಿಳಿದರೆ ಹಿಂದಿನ ಔರಂಗಾಬಾದ್, ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ ಸಿಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಮಹಾನುಭಾವ ಪಂಥದ ಚಕ್ರಧರ ಸ್ವಾಮಿಗಳು ಅಲ್ಲಿ ವಾಸ್ತವ್ಯ ಮಾಡಿದ್ದರು. ಪಂಥೀಯರ ಪಾಲಿಗೆ ಅವರು ಪರಮೇಶ್ವರನ ಅವತಾರ. ಹೀಗಾಗಿ ಅವರ ಮಾತುಗಳೇ 'ಸೂತ್ರಪಾಠ'ವೆಂಬ ಶಾಸ್ತ್ರವಾದವು. ಅವರ ನಂತರ ಪಂಥವನ್ನು ಮುನ್ನಡೆಸಿದ ನಾಗದೇವಾಚಾರ್ಯರು ಪರಮಪೂಜ್ಯರು; ಆದರೆ ಅವರು ಆಚಾರ್ಯರೇ ಹೊರತು ಅವತಾರವಲ್ಲ. ಅವರ ಕಾಲದ ನೆನಪುಗಳನ್ನು ದಾಖಲಿಸಿದ ಗ್ರಂಥಕ್ಕೆ 'ಸ್ಮೃತಿಸ್ಥಳ' ಎಂದೇ ಹೆಸರು. ಸ್ವಾಮಿಯ ನುಡಿ ಒಂದು, ನಾಯಕನ ಸ್ಮರಣೆ ಇನ್ನೊಂದು. ಅನುಯಾಯಿಗಳೇ ಈ ಗೆರೆಯನ್ನು ಎಳೆದುಕೊಂಡರು.

ಅದೇ ಪೈಠಣದಲ್ಲಿ 1584ರಲ್ಲಿ ಸಂತ ಏಕನಾಥರು ಜ್ಞಾನೇಶ್ವರಿಯ ಪಾಠವನ್ನು ಪರಿಷ್ಕರಿಸಿದರು. ಸುಮಾರು ಮುನ್ನೂರು ವರ್ಷಗಳ ಅವಧಿಯಲ್ಲಿ ಸೇರಿಕೊಂಡಿದ್ದ ಪಾಠದೋಷಗಳನ್ನು ತೆಗೆದು ಶುದ್ಧ ಪ್ರತಿಯನ್ನು ಸಿದ್ಧಪಡಿಸಿದ ಅವರು, ಮುಂದೆ ಯಾರೂ ತಮ್ಮದೊಂದು ಓವಿಯನ್ನು ಅದರೊಳಗೆ ಸೇರಿಸಬಾರದೆಂದು ಕಟುವಾಗಿ ಎಚ್ಚರಿಸಿದರು. ಏಕನಾಥರು ಸ್ವತಃ ಮಹಾಕವಿಗಳು. ತಮ್ಮ ಮಾತನ್ನು ಅವರು ತಮ್ಮ ಗ್ರಂಥಗಳಲ್ಲಿ ಬರೆದರು. ಜ್ಞಾನದೇವರ ಬಾಯಲ್ಲಿ ಇರಿಸಲಿಲ್ಲ.

ಪ್ರವಾದಿಗಳ ಪರಂಪರೆ ಇಂದಿಗೂ ಮುಂದುವರಿದಿದೆಯೆಂದು ನಂಬುವ ಅಮೆರಿಕದ ಮಾರ್ಮನ್ ಸಭೆಯಲ್ಲಿಯೂ ಇಂಥದೇ ಎಚ್ಚರವಿದೆ. 1830ರಲ್ಲಿ ಸ್ಥಾಪನೆಯಾದ ಆ ಸಭೆಯ ಅಧ್ಯಕ್ಷರನ್ನು ಸದಸ್ಯರು ಪ್ರವಾದಿಯೆಂದೇ ಅಂಗೀಕರಿಸುತ್ತಾರೆ. ಆದರೂ ಪ್ರವಾದಿಯು ಆ ಸ್ಥಾನದಲ್ಲಿ ನಿಂತು ನುಡಿದಾಗ ಮಾತ್ರ ಪ್ರವಾದಿ ಎಂಬುದು ಸ್ಥಾಪಕ ಜೋಸೆಫ್ ಸ್ಮಿತ್ ಅವರ ನಿಲುವಾಗಿತ್ತು. ಕಪ್ಪು ಜನಾಂಗದ ಪುರುಷರಿಗೂ ಪೌರೋಹಿತ್ಯ ನೀಡುವ 1978ರ ಘೋಷಣೆಯನ್ನು ದೈವಪ್ರೇರಿತವೆಂದು ಸಾರಿದರೂ, ಸದಸ್ಯರ ಮಹಾಧಿವೇಶನದ ಮುಂದಿಟ್ಟು ಅಂಗೀಕಾರ ಪಡೆದ ನಂತರವೇ ಅದನ್ನು ಧರ್ಮಗ್ರಂಥಕ್ಕೆ ಸೇರಿಸಲಾಯಿತು.

ನಮ್ಮ ಕನ್ನಡ ನಾಡಿನಲ್ಲಿ ಈ ಗೆರೆ ಅಳಿಸಿದ ಪ್ರಸಂಗವನ್ನು ನಮ್ಮಲ್ಲನೇಕರು ಬಲ್ಲರು. ಬಸವ ಧರ್ಮ ಪೀಠದ ಮಾತೆ ಮಹಾದೇವಿಯವರು 'ವಚನ ದೀಪ್ತಿ' ಗ್ರಂಥದಲ್ಲಿ ಬಸವಣ್ಣನವರ 'ಕೂಡಲಸಂಗಮದೇವ' ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದರು. ಕರ್ನಾಟಕ ಸರಕಾರ 1998ರಲ್ಲಿ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. 2019ರಲ್ಲಿ ಲಿಂಗೈಕ್ಯರಾದ ಅವರ ಸಂಘಟನಾಶಕ್ತಿ, ಸ್ತ್ರೀಯರಿಗೆ ಗುರುಪೀಠದ ಬಾಗಿಲು ತೆರೆದ ಧೈರ್ಯ ಸ್ಮರಣೀಯ. ಆದರೆ ಅವರ ಅನೇಕ ಅನುಯಾಯಿಗಳು ಬದಲಾದ ಅಂಕಿತದಲ್ಲಿಯೇ ವಚನಗಳನ್ನು ಪಠಿಸಿದರು. ಅವರ ಪಾಲಿಗೆ ನಾಯಕಿಯ ನಿರ್ಧಾರವೇ ಮೂಲವಚನವಾಯಿತು. ನಿಷೇಧ ಸರಿಯೇ ಎಂಬುದು ಪ್ರತ್ಯೇಕ ಚರ್ಚೆ. ಪುಸ್ತಕವನ್ನು ತಡೆಯಬಲ್ಲ ನ್ಯಾಯಾಲಯ ಕಿವಿಗಳನ್ನು ತಿದ್ದಲಾರದು.

ತಿದ್ದಿಕೊಳ್ಳಬೇಕಾದವರು ಕೇಳುಗರಾದ ನಾವೇ. ಗುರುವಿನ ಮೇಲಿನ ಭಕ್ತಿಗೂ ಗುರುವಿನ ಪ್ರತಿ ಮಾತನ್ನು ದೇವರ ಮಾತೆನ್ನುವುದಕ್ಕೂ ಅಂತರವಿದೆ. ಆ ಅಂತರವನ್ನು ಕಾಯ್ದುಕೊಂಡ ಮಹಾನುಭಾವರಾಗಲಿ, ಏಕನಾಥರಾಗಲಿ ಭಕ್ತಿಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಮೊಬೈಲಿನಲ್ಲಿ ಬರುವ ತುಣುಕು ಪ್ರವಚನಕ್ಕೆ ಹಿಂದುಮುಂದಿಲ್ಲದ ಕಾರಣ ಈಗ ಈ ಎಚ್ಚರ ಇನ್ನಷ್ಟು ಅಗತ್ಯ. ಪ್ರವಚನ ಕೇಳಿದ ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳ ಎದುರಿನಲ್ಲಿಯೇ ಕೇಳಿಕೊಳ್ಳೋಣ: ಇದು ಮೂಲದಲ್ಲಿದೆಯೇ, ಗುರುಗಳ ವಿವರಣೆಯೇ, ಅಥವಾ ನಾವೇ ಕಲ್ಪಿಸಿಕೊಂಡ ಅರ್ಥವೇ?

ಆ ಹಿರಿಯರ ಮಗಳ ಮದುವೆ ಮರುವರ್ಷ ಸಾಲದಲ್ಲಿ ನಡೆಯಿತು. ಸಾಲದ ಅರ್ಜಿಯೂ ನನ್ನ ಮೇಜಿಗೇ ಬಂದಿತ್ತು.