ಬೀಗದ ಕೈ ಯಾರ ಹತ್ತಿರ ಇದೆ?

ನ್ಯಾಮತಿ ತಾಲ್ಲೂಕಿನ ನಮ್ಮೂರಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತಿತ್ತು. ‘ತುಂಬುತ್ತಿತ್ತು’ ಎಂದೇ ಬರೆಯಬೇಕು, ಯಾಕೆಂದರೆ ಎಂಟು ತಿಂಗಳಿಂದ ಅದಕ್ಕೆ ಬೀಗ. ರಜೆಗೆ ಊರಿಗೆ ಹೋದಾಗಲೆಲ್ಲ ಅಮ್ಮ ಎರಡು ಕ್ಯಾನ್ ಕೊಟ್ಟು ಪಕ್ಕದೂರಿಗೆ ಕಳಿಸುತ್ತಾಳೆ. ಎಕ್ಸ್‌ಎಲ್ ಗಾಡಿಯ ಮುಂದೆ ಕ್ಯಾನ್ ಇಟ್ಟುಕೊಂಡು ಹೋಗುವಾಗ, ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್ ಎಂಬುದು ನೆನಪಾಗಿ ಒಂಥರಾ ನಾಚಿಕೆ.

ಒಂದು ದಿನ ಪಂಚಾಯಿತಿಗೆ ಹೋಗಿ ಕೇಳಿದೆ. ‘ನೋಡಮ್ಮ, ಐದು ವರ್ಷ ನಿರ್ವಹಣೆ ಏಜೆನ್ಸಿಯವರದ್ದು. ನಾವು ಕೈ ಹಾಕಂಗಿಲ್ಲ’ ಎಂದರು. ಏಜೆನ್ಸಿಗೆ ಫೋನ್ ಮಾಡಿದೆ. ‘ಬಿಲ್ಲೇ ಆಗಿಲ್ಲ ಮೇಡಂ. ಮೆಂಬ್ರೇನ್ ಬದಲಿಸೋಕೆ ದುಡ್ಡು ಎಲ್ಲಿಂದ ತರೋದು?’ ಎಂದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅನ್ನಿಸಿತು. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು: ಚನ್ನಗಿರಿ, ಹೊನ್ನಾಳಿ, ಜಗಳೂರಿನವರು ಮತ್ತು ನಾನು. ಹೊನ್ನಾಳಿಯವಳ ಊರಿನ ಘಟಕವೂ ಆಗಾಗ ಕೈಕೊಡುತ್ತದೆ, ಎದುರಿಗೆ ತುಂಗಭದ್ರೆ ಹರಿಯುತ್ತಿದ್ದರೂ. ಜಗಳೂರಿನವಳ ಕಥೆ ಬೇರೆ. ಅವರ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳಿಗೂ ಪೆಟ್ಟು. ‘ನಿಮಗೆ ಘಟಕ ನಿಂತರೆ ಗಾಡಿ ಪೆಟ್ರೋಲ್ ಖರ್ಚು. ನಮಗೆ ಅಜ್ಜಿ ಮೊಣಕಾಲು’ ಎಂದು ಅವಳು ಹೇಳಿದ ಮೇಲೆ ನಾನು ನನ್ನ ಕ್ಯಾನ್ ಪುರಾಣ ನಿಲ್ಲಿಸಿದೆ.

ತರಗತಿಯಲ್ಲಿ ಇದಕ್ಕೆ ಸಾರ್ವಜನಿಕ–ಖಾಸಗಿ ಸಹಭಾಗಿತ್ವ, ಅಂದರೆ ಪಿಪಿಪಿ ಎನ್ನುತ್ತಾರೆ. ಎರಡು ಅಂಕದ ಪ್ರಶ್ನೆ. ಬಿಒಟಿ ವಿಸ್ತರಿಸಿ ಬರೆದರೆ ಮುಗಿಯಿತು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಇಬ್ಬರೂ ಹೇಗೆ ಬಾಳಬೇಕು ಎಂಬುದು ಸಿಲೆಬಸ್‌ನಲ್ಲಿಲ್ಲ. ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಹಿರಿಯರು ಇದನ್ನೇ ಹೆಚ್ಚು ಹೊತ್ತು ಮಾತಾಡುತ್ತಾರೆ!

ನಾವು ಇಂಟರ್ನ್‌ಶಿಪ್, ಇಂಟರ್‌ವ್ಯೂ ಎಂದು ಬೆಂಗಳೂರಿಗೆ ಹೋಗುವ ಹೆದ್ದಾರಿಯನ್ನೇ ನೋಡಿ. ಚಿತ್ರದುರ್ಗ–ತುಮಕೂರು ನಡುವಿನ ಷಟ್ಪಥ ಟೋಲ್ ಮಾದರಿಯದು. ಕಂಪನಿ ರಸ್ತೆ ಮಾಡಿ, 26 ವರ್ಷದ ಒಪ್ಪಂದದಡಿ ಟೋಲ್ ಎತ್ತಿ, ಸರ್ಕಾರಕ್ಕೂ ಪಾಲು ಕೊಡಬೇಕು. ವಾಹನ ಕಡಿಮೆಯಾದರೆ ನಷ್ಟ ಕಂಪನಿಗೆ. ದಾವಣಗೆರೆ–ಚಿತ್ರದುರ್ಗ ಭಾಗ 2016ರಲ್ಲಿ ಬಂದ ಹೈಬ್ರಿಡ್ ಆನ್ಯುಟಿ ಮಾದರಿಯದು. ಅದರಲ್ಲಿ ವೆಚ್ಚದ ಶೇ 40ರಷ್ಟನ್ನು ಸರ್ಕಾರ ಕೆಲಸ ನಡೆಯುವಾಗಲೇ ಕೊಡುತ್ತದೆ, ಉಳಿದದ್ದನ್ನು ಕಂಪನಿ ಹಾಕಿ ಆಮೇಲೆ ವರ್ಷಾನುಗಟ್ಟಲೆ ಕಂತಿನಲ್ಲಿ ಪಡೆಯುತ್ತದೆ. ಟೋಲ್ ಸರ್ಕಾರದ್ದು. ಒಂದೇ ಬಸ್ಸಿನಲ್ಲಿ ಕೂತು ಎರಡು ಬಗೆಯ ಸಂಬಂಧಗಳ ಮೇಲೆ ಹೋಗುತ್ತೇವೆ, ಕಿಟಕಿಯಾಚೆ ಅದು ಕಾಣುವುದಿಲ್ಲ ಅಷ್ಟೆ.

ಇಂಥ ಹೆದ್ದಾರಿ ಒಪ್ಪಂದಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಸ್ವತಂತ್ರ ಎಂಜಿನಿಯರ್’ ಎಂಬ ಹುದ್ದೆ. ಸರ್ಕಾರದವರೂ ಅಲ್ಲ, ಕಂಪನಿಯವರೂ ಅಲ್ಲ. ಕೆಲಸ ಅಳೆದು, ಗುಣಮಟ್ಟ ನೋಡಿ, ತಕರಾರು ಬಂದರೆ ಮೊದಲು ಅಭಿಪ್ರಾಯ ಹೇಳುವವರು. ಅವರ ಶುಲ್ಕವನ್ನು ಎರಡೂ ಕಡೆಯವರು ಹಂಚಿಕೊಳ್ಳುತ್ತಾರೆ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ 2008ರ ಹೊತ್ತಿಗೆ 24 ಗಂಟೆ ನೀರು ಬಂದದ್ದರ ಹಿಂದೆಯೂ ಇಂಥದ್ದೇ ಒಂದು ಎಚ್ಚರವಿತ್ತು: ಖಾಸಗಿ ನಿರ್ವಾಹಕರಿಗೆ ಸಿಗುವ ಹಣದ ಒಂದು ಭಾಗ, ಗುರಿ ಮುಟ್ಟಿದರೆ ಮಾತ್ರ. ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು–ಮೈಸೂರು ನೈಸ್ ಯೋಜನೆ ಇದೆಯಲ್ಲ. 1997ರಲ್ಲಿ ಒಪ್ಪಂದ, ಆಮೇಲೆ ಭೂಮಿ ಜಗಳ, ಸುಪ್ರೀಂ ಕೋರ್ಟ್‌ವರೆಗೆ ಅಲೆದಾಟ. ಆ ಎಕ್ಸ್‌ಪ್ರೆಸ್ ರಸ್ತೆ ಮೈಸೂರು ಮುಟ್ಟಲಿಲ್ಲ.

2015ರಲ್ಲಿ ವಿಜಯ್ ಕೇಳ್ಕರ್ ಸಮಿತಿ ಪಿಪಿಪಿ ಬಗ್ಗೆ ವರದಿ ಕೊಟ್ಟಿತು. ಯಾವ ಅಪಾಯವನ್ನು ಯಾರು ಚೆನ್ನಾಗಿ ನಿಭಾಯಿಸಬಲ್ಲರೋ ಅದನ್ನು ಅವರಿಗೇ ವಹಿಸಿ ಎಂದಿತು. ತೀರಾ ಸಣ್ಣ ಯೋಜನೆಗಳಿಗೆ ಈ ಮಾದರಿ ಬೇಡ, ನಿಭಾಯಿಸುವ ತಲೆನೋವಿಗೆ ತಕ್ಕ ಲಾಭ ಇಲ್ಲ ಎಂದೂ ಹೇಳಿತು. ಮೊದಲ ಮಾತು ಒಪ್ಪುತ್ತೇನೆ. ಎರಡನೆಯದು ಒಪ್ಪಲು ಕಷ್ಟ. ನಮ್ಮೂರಿನ ಘಟಕಕ್ಕಿಂತ ಸಣ್ಣದು ಯಾವುದಿದೆ? ಆದರೂ ಮಾದರಿ ಬಂದಾಗಿದೆ, ಬೀಗವೂ ಬಿದ್ದಾಗಿದೆ.

ನನ್ನ ಸಲಹೆ ಇಷ್ಟು. ಒಂದೊಂದು ಘಟಕಕ್ಕೆ ಒಂದೊಂದು ಒಪ್ಪಂದ ಮಾಡುವ ಬದಲು ಇಡೀ ತಾಲ್ಲೂಕಿನದ್ದನ್ನು ಒಟ್ಟು ಸೇರಿಸಿ, ಅವುಗಳ ಮೇಲೆ ಒಬ್ಬ ಸ್ವತಂತ್ರ ಎಂಜಿನಿಯರ್ ಇರಲಿ. ಪ್ರತಿ ತಿಂಗಳು ನೀರು ಪರೀಕ್ಷಿಸಿ, ಘಟಕ ಎಷ್ಟು ದಿನ ನಡೆಯಿತು ಎಂದು ಬರೆಯಲಿ. ಅವರು ಸಹಿ ಹಾಕಿದ ಬಿಲ್ಲಿಗೆ ಇಂತಿಷ್ಟು ದಿನದೊಳಗೆ ಹಣ ಬರಲಿ, ತಡವಾದರೆ ಬಡ್ಡಿ ಸೇರಲಿ. ಘಟಕ ನಿಂತರೆ ಏಜೆನ್ಸಿಗೆ ಕಡಿತವಾಗಲಿ. ಈಗ ದಂಡದ ಮಾತು ಬರೀ ಏಜೆನ್ಸಿಗೆ. ದುಡ್ಡು ತಡಮಾಡಿದ ಕಚೇರಿಗೆ ಯಾವ ದಂಡವೂ ಇಲ್ಲದಿದ್ದರೆ ಅದು ಸಹಭಾಗಿತ್ವ ಹೇಗಾಗುತ್ತದೆ?

ಇದಕ್ಕೆ ತಾಲ್ಲೂಕಿಗೆ ಒಬ್ಬರು ಬಿಇ ಮುಗಿಸಿದವರು ಸಾಕು. ಚನ್ನಗಿರಿ ಗೆಳತಿ ನಗುತ್ತಾ, ‘ನಿನಗೆ ನೀನೇ ಕೆಲಸ ಹುಟ್ಟಿಸಿಕೊಳ್ತಿದ್ದೀಯ’ ಎಂದಳು. ಹೌದು, ತಪ್ಪೇನು? ಅವಳೂರಿನ ಘಟಕ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಕಾಯಿನ್ ಡಬ್ಬಿಯ ದುಡ್ಡಲ್ಲೇ ಸಂಬಳ ಪಡೆಯುವ ಅದೇ ಊರಿನ ಹೆಂಗಸೊಬ್ಬರು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಾರಂತೆ.

ನಮ್ಮೂರಿನ ಘಟಕದ ಒಪ್ಪಂದದ ಪ್ರತಿ ಕೊಡಿ ಎಂದು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಜತೆ ಮಾಹಿತಿ ಹಕ್ಕು ಅರ್ಜಿ ಹಾಕಿದ್ದೇನೆ. ಉತ್ತರ ಕೊಡಲು ಅವರಿಗೆ 30 ದಿನ. ಹನ್ನೊಂದು ದಿನ ಬಾಕಿ ಇದೆ. ಅಲ್ಲಿಯವರೆಗೆ ನೀರು ಪಕ್ಕದೂರಿನದೇ.